ಕುರಿಹಿಂಡಿನ ಲೆಕ್ಕವೂ ಆಯುಷ್ಯ ಕೋಷ್ಟಕವೂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನನ್ನದೂ ಒಂದು ಲೇಖನವಿರಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಗೆ ಬಂದು ಕೇಳಿದರು. ಶಾಲೆ ಹುಟ್ಟಿದ ಕಥೆ, ಜಾಗ ಕೊಟ್ಟ ದಾನಿಗಳ ಸ್ಮರಣೆ, ಗಡಿನಾಡಿನಲ್ಲಿ ಕನ್ನಡ ಕಲಿಸಿದ ಗುರುಗಳ ಗುಣಗಾನ ಇವೆಲ್ಲವನ್ನೂ ಆಗಲೇ ಬೇರೆ ಬೇರೆಯವರಿಗೆ ಹಂಚಿಯಾಗಿತ್ತು. ನನ್ನ ಪಾಲಿಗೆ ಉಳಿದದ್ದು ಗಣಿತ. ಅಲ್ಲಿಯೂ ನಾನು ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಶಿಕ್ಷಕ ತರಬೇತಿ ಪಡೆದು ಬಂದವನೇ ಹೊರತು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಆದುದರಿಂದ ವಾಚಕರು ಇಲ್ಲಿ ಪಾಂಡಿತ್ಯವನ್ನು ನಿರೀಕ್ಷಿಸಬಾರದು. ಕೂಡುವುದು, ಕಳೆಯುವುದು, ಗುಣಿಸುವುದು, ಶೇಕಡಾ ತೆಗೆಯುವುದು ಇಷ್ಟು ಬಲ್ಲವರಿಗೆ ಅರ್ಥವಾಗುವ ಒಂದು ವಿಷಯವನ್ನು ಹೇಳಲು ಹೊರಟಿದ್ದೇನೆ. ಇದರೊಡನೆ ನಾನು ಮಾಡಿದ ಒಂದು ತಪ್ಪು ಲೆಕ್ಕದ ವೃತ್ತಾಂತವೂ ಸೇರಿಕೊಂಡಿದೆ. ಅದನ್ನು ಹೇಳದೆ ವಿಷಯವನ್ನು ಮಾತ್ರ ಹೇಳಿದರೆ ನನ್ನ ಮನಸ್ಸು ಒಪ್ಪುವುದಿಲ್ಲ.

1984ನೆಯ ಇಸವಿ. ಎರಡನೆಯ ತರಗತಿಯಲ್ಲಿ ಓದುತ್ತಿದ್ದ ಹುಡುಗನೊಬ್ಬನ ತಂದೆ ಒಂದು ಸಂಜೆ ಅರ್ಜಿ ನಮೂನೆ ಹಿಡಿದುಕೊಂಡು ಶಾಲೆಗೆ ಬಂದರು. ಇಪ್ಪತ್ತು ಹೆಣ್ಣು ಕುರಿ, ಒಂದು ಟಗರು ಕೊಳ್ಳಲು ಸಹಾಯಧನದೊಂದಿಗೆ ಸಾಲ ಸಿಗುವ ಯೋಜನೆಯೊಂದು ಆಗ ಬಂದಿತ್ತು. ಅರ್ಜಿಯಲ್ಲಿ ‘ಐದು ವರ್ಷಗಳ ನಂತರ ನಿರೀಕ್ಷಿತ ಸಂಖ್ಯೆ’ ಎಂಬ ಒಂದು ಕಾಲಂ ಇತ್ತು. “ಇದೊಂದು ನೀವೇ ಲೆಕ್ಕ ಹಾಕಿ ಕೊಡಿ ಮೇಷ್ಟ್ರೇ, ಸಾಲ ತೀರ್ಸೋಕಾಗ್ತದಾ ನೋಡಿ ಹೇಳಿ” ಎಂದರು. ನಾನು ಅಂದು ಏಳನೆಯ ತರಗತಿಗೆ ಚಕ್ರಬಡ್ಡಿ ಪಾಠ ಮಾಡಿ ಮುಗಿಸಿದ್ದೆ. ಕರಿಹಲಗೆಯ ಮೇಲಿನ ಲೆಕ್ಕವಿನ್ನೂ ಅಳಿಸಿರಲಿಲ್ಲ. ಕುರಿ ವರ್ಷಕ್ಕೊಂದು ಮರಿ ಹಾಕುತ್ತದೆ, ಅದರಲ್ಲಿ ಅರ್ಧ ಹೆಣ್ಣು. ಅಂದರೆ ವರ್ಷಕ್ಕೆ ಶೇಕಡಾ 50 ಬಡ್ಡಿ ಎಂದು ಭಾವಿಸಿದೆ. ಇಪ್ಪತ್ತು ಮೂವತ್ತಾಗುತ್ತದೆ, ಮೂವತ್ತು ನಲವತ್ತೈದಾಗುತ್ತದೆ, ಆಮೇಲೆ 67, 101, ಐದನೆಯ ವರ್ಷಕ್ಕೆ 152. ಕಾಲಂನಲ್ಲಿ 152 ಎಂದು ಬರೆದು, “ಧಾರಾಳವಾಗಿ ತೀರುತ್ತದೆ” ಎಂದು ಹೇಳಿ ಕಳುಹಿಸಿದೆ.

ಕುರಿಗಳು ಬಂದವು. ಒಂದೇ ಕಡೆಯಿಂದ ತಂದ, ಹೆಚ್ಚುಕಡಿಮೆ ಒಂದೇ ಪ್ರಾಯದ ಒಳ್ಳೆಯ ಕುರಿಗಳು. ಮೊದಲ ಮೂರು ವರ್ಷ ರೊಪ್ಪದಲ್ಲಿ ತಲೆಗಳು ಹೆಚ್ಚುತ್ತಲೇ ಹೋದವು. ನನ್ನ 152ರ ಹತ್ತಿರ ಎಲ್ಲಿಯೂ ಇಲ್ಲದಿದ್ದರೂ ಏರುತ್ತಿರುವುದಂತೂ ನಿಜವೆಂದು ನಾನೂ ಸಮಾಧಾನಪಟ್ಟೆ, ಅವರೂ ಸಮಾಧಾನಪಟ್ಟರು. ನಾಲ್ಕನೆಯ ವರ್ಷ ಏರಿಕೆ ನಿಂತಿತು. ಐದನೆಯ ವರ್ಷ ಹಿಂಡು ದಿಢೀರನೆ ಕುಸಿಯಿತು. 1989ರ ಯುಗಾದಿಯ ಹೊತ್ತಿಗೆ ಮರಿಗಳೂ ಸೇರಿ ಉಳಿದ ಹೆಣ್ಣು ಕುರಿಗಳು 23. ಯಾರದೋ ಕಣ್ಣು ತಾಗಿತೆಂದು ಮನೆಯವರು ಅಂದುಕೊಂಡರು. ಕಂತು ಬಾಕಿಯಾಯಿತು. ಕೂಲಿಯಾಳಿನಿಂದ ಕುರಿ ಕಾಯಿಸುವಷ್ಟು ಶಕ್ತಿಯಿಲ್ಲದೆ ಆ ತಂದೆ, ಅಷ್ಟರಲ್ಲಿ ಏಳನೆಯ ತರಗತಿಗೆ ಬಂದಿದ್ದ ಮಗನನ್ನು ಶಾಲೆ ಬಿಡಿಸಿದರು. ಹುಡುಗ ಲೆಕ್ಕದಲ್ಲಿ ತರಗತಿಗೇ ಮೊದಲಿಗನಾಗಿದ್ದ. ದಾಖಲಾತಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ‘ಶಾಲೆ ಬಿಟ್ಟ ಕಾರಣ: ಕುರಿ ಕಾಯಲು’ ಎಂದು ಬರೆದಿರುವ ಅಕ್ಷರ ನನ್ನದೇ. ಮಹೋತ್ಸವದ ಕೆಲಸಕ್ಕೆಂದು ಹಳೆಯ ಪುಸ್ತಕಗಳನ್ನು ತೆಗೆದಾಗ ಆ ಸಾಲನ್ನು ಮತ್ತೆ ನೋಡಿದೆ.

ನನ್ನ ಲೆಕ್ಕದಲ್ಲಿ ತಪ್ಪಿದ್ದೆಲ್ಲಿ? ಬ್ಯಾಂಕಿನಲ್ಲಿಟ್ಟ ರೂಪಾಯಿಗೆ ವಯಸ್ಸಿಲ್ಲ. ನಿನ್ನೆ ಜಮೆಯಾದ ಬಡ್ಡಿಯ ರೂಪಾಯಿ ಇಂದಿನಿಂದಲೇ ಬಡ್ಡಿ ದುಡಿಯುತ್ತದೆ. ಮರಿ ಹಾಗಲ್ಲ. ಹುಟ್ಟಿದ ಮರಿ ಬೆಳೆದು ತಾನೇ ಮರಿ ಹಾಕಲು ನಮ್ಮ ಸೀಮೆಯ ಮೇವಿನಲ್ಲಿ ಎರಡು ವರ್ಷ ಹಿಡಿಯುತ್ತದೆ. ರೂಪಾಯಿಗೆ ಸಾವಿಲ್ಲ, ಮರಿಗಿದೆ. ರೂಪಾಯಿಗೆ ಮುಪ್ಪಿಲ್ಲ; ಕುರಿಗಿದೆ, ಹಲ್ಲುದುರಿದ ಕುರಿ ನೆಲಕ್ಕಂಟಿದ ಹುಲ್ಲನ್ನು ಕಡಿಯಲಾರದು. ಎಲ್ಲ ಕುರಿಯೂ ಎಲ್ಲ ವರ್ಷವೂ ಈಯುವುದೂ ಇಲ್ಲ. ಹಿಂಡಿನಲ್ಲಿ ಎಷ್ಟು ತಲೆಗಳಿವೆ ಎಂಬುದರ ಜೊತೆಗೆ ಯಾವ ವಯಸ್ಸಿನವು ಎಷ್ಟಿವೆ, ಆ ವಯಸ್ಸಿನವುಗಳಲ್ಲಿ ಎಷ್ಟು ಸಾಯುತ್ತವೆ, ಎಷ್ಟು ಈಯುತ್ತವೆ ಎಂದು ಕೇಳಬೇಕಾಗಿತ್ತು. ಈ ಪ್ರಶ್ನೆಗಳಿಗೆ ಉತ್ತರವನ್ನು ಸಾಲಾಗಿ ಬರೆದಿಟ್ಟ ಪಟ್ಟಿಗೇ ಆಯುಷ್ಯ ಕೋಷ್ಟಕವೆಂದು ಹೆಸರು. ನಿವೃತ್ತನಾದ ಮೇಲೆ, ಬಿ.ಎಸ್ಸಿ. ಓದುತ್ತಿದ್ದ ಮೊಮ್ಮಗಳ ಪ್ರಾಣಿಶಾಸ್ತ್ರದ ಪುಸ್ತಕದಲ್ಲಿ ಅದನ್ನು ಮೊದಲ ಬಾರಿಗೆ ಕಂಡಾಗ ನನಗೆ ಆ 152 ನೆನಪಾಗಿ ರಾತ್ರಿ ನಿದ್ರೆ ಬರಲಿಲ್ಲ.

ಈ ಕೋಷ್ಟಕ ಮೊದಲು ಹುಟ್ಟಿದ್ದು ಮನುಷ್ಯರ ಸಲುವಾಗಿ. 1662ರಲ್ಲಿ ಲಂಡನ್ನಿನ ಜಾನ್ ಗ್ರಾಂಟ್ ಎಂಬ ಬಟ್ಟೆಯ ವ್ಯಾಪಾರಿ ಆ ನಗರದ ಸಾವಿನ ಪಟ್ಟಿಗಳನ್ನು ಕೂಡಿಸಿ ನೋಡಿ, ಹುಟ್ಟಿದ ನೂರು ಮಂದಿಯಲ್ಲಿ ಯಾವ ವಯಸ್ಸಿಗೆ ಎಷ್ಟು ಮಂದಿ ಉಳಿಯುತ್ತಾರೆಂದು ಅಂದಾಜು ಮಾಡಿದನು. 1693ರಲ್ಲಿ ಎಡ್ಮಂಡ್ ಹ್ಯಾಲಿ, ಅಂದರೆ ಧೂಮಕೇತುವಿಗೆ ಹೆಸರು ಕೊಟ್ಟ ಖಗೋಳಜ್ಞನೇ, ಈಗ ಪೋಲೆಂಡ್ ದೇಶಕ್ಕೆ ಸೇರಿರುವ ಬ್ರೆಸ್ಲಾವ್ ನಗರದ ಜನನ ಮರಣಗಳ ದಾಖಲೆಯಿಂದ ಇನ್ನಷ್ಟು ಸರಿಯಾದ ಕೋಷ್ಟಕವನ್ನು ರಚಿಸಿದನು. 1956ರಲ್ಲಿ ಸ್ಥಾಪಿತವಾದ ನಮ್ಮ ಜೀವ ವಿಮಾ ನಿಗಮ ಇಪ್ಪತ್ತೈದರವನಿಗೆ ಒಂದು ಕಂತು, ನಲವತ್ತೈದರವನಿಗೆ ಇನ್ನೊಂದು ಕಂತು ಗೊತ್ತುಮಾಡುವುದೂ ಇಂತಹ ಕೋಷ್ಟಕದ ಆಧಾರದ ಮೇಲೆಯೇ. ನನ್ನ ವೃತ್ತಿಯವರಿಗೆ ಇನ್ನೂ ಹತ್ತಿರದ ನಿದರ್ಶನವೆಂದರೆ ಶಾಲೆಯ ದಾಖಲಾತಿ ಪುಸ್ತಕ. ಒಂದು ವರ್ಷ ಒಂದನೆಯ ತರಗತಿಗೆ ಸೇರಿದ ಮಕ್ಕಳನ್ನಷ್ಟೇ ಹಿಡಿದುಕೊಂಡು, ಎರಡನೆಯದಕ್ಕೆ ಎಷ್ಟು ಜನ ಬಂದರು, ಮೂರನೆಯದಕ್ಕೆ ಎಷ್ಟು, ಏಳನೆಯದಕ್ಕೆ ಎಷ್ಟು ಎಂದು ಕೆಳಗೆ ಕೆಳಗೆ ಬರೆಯುತ್ತ ಹೋದರೆ ಅದೂ ಒಂದು ಆಯುಷ್ಯ ಕೋಷ್ಟಕವೇ. ಒಟ್ಟು ಹಾಜರಾತಿ ಎಷ್ಟೆಂಬ ಸಂಖ್ಯೆ ಇದನ್ನು ಎಂದೂ ಹೇಳುವುದಿಲ್ಲ. ಒಂದನೆಯ ತರಗತಿ ತುಂಬಿ ತುಳುಕುತ್ತಿದ್ದು ಆರನೆಯದು ಬರಿದಾಗಿರುವ ಶಾಲೆಗೂ ಎಲ್ಲ ತರಗತಿಗಳೂ ಸಮನಾಗಿರುವ ಶಾಲೆಗೂ ಮೊತ್ತ ಒಂದೇ ಬರಬಹುದು.

ಪ್ರಾಣಿಗಳ ವಿಷಯದಲ್ಲಿ ತೊಡಕೆಂದರೆ ಅವುಗಳಿಗೆ ಜನನ ಪ್ರಮಾಣಪತ್ರವಿಲ್ಲ. ವಯಸ್ಸನ್ನು ಮೈಮೇಲಿನ ಗುರುತಿನಿಂದಲೇ ಓದಬೇಕು. ಈ ವಿಷಯದಲ್ಲಿ ಜಗತ್ಪ್ರಸಿದ್ಧವಾದ ಕೋಷ್ಟಕ ಕುರಿಗಳದ್ದೇ ಎಂದರೆ ನಮ್ಮವರಿಗೆ ಸಂತೋಷವಾದೀತು. ಅಮೆರಿಕದ ಅಲಾಸ್ಕದಲ್ಲಿ ಡಾಲ್ ಎಂಬ ಬಿಳಿಯ ಕಾಡುಕುರಿಗಳಿವೆ. ತೋಳಗಳು ಅವನ್ನು ನಿರ್ನಾಮ ಮಾಡುತ್ತಿವೆಯೇ ಎಂಬ ವಿವಾದವೆದ್ದಾಗ ಅಡಾಲ್ಫ್ ಮ್ಯೂರಿ ಎಂಬ ವಿಜ್ಞಾನಿ ಬೆಟ್ಟಗಳಲ್ಲಿ ಅಲೆದು ಸತ್ತ ಕುರಿಗಳ ತಲೆಬುರುಡೆಗಳನ್ನು ಆರಿಸಿದನು. ಆ ಕುರಿಗಳ ಕೊಂಬಿನಲ್ಲಿ ವರ್ಷಕ್ಕೊಂದರಂತೆ ಉಂಗುರ ಮೂಡುತ್ತದೆ. ಉಂಗುರ ಎಣಿಸಿದರೆ ಸತ್ತಾಗಿನ ವಯಸ್ಸು ತಿಳಿಯುತ್ತದೆ. ಮ್ಯೂರಿಯ ಗ್ರಂಥ 1944ರಲ್ಲಿ ಬಂತು. 1947ರಲ್ಲಿ ಎಡ್ವರ್ಡ್ ಡೀವಿ ಎಂಬಾತ ಅವನ 608 ತಲೆಬುರುಡೆಗಳ ಲೆಕ್ಕದಿಂದ ಕೋಷ್ಟಕ ರಚಿಸಿ ತೋರಿಸಿದನು. ಮೊದಲ ವರ್ಷದಲ್ಲಿ ಸಾವು ಹೆಚ್ಚು. ಅದನ್ನು ದಾಟಿದರೆ ನಡುಪ್ರಾಯದಲ್ಲಿ ಬಹಳ ಕಡಿಮೆ. ಮುಪ್ಪಿನಲ್ಲಿ ಮತ್ತೆ ಹೆಚ್ಚು. ತೋಳಗಳು ಹಿಡಿದದ್ದು ಬಹುಮಟ್ಟಿಗೆ ಎಳೆಯವನ್ನು, ಮುದಿಯವನ್ನು, ರೋಗಿಷ್ಠವನ್ನು.

ನಮ್ಮ ಕುರಿಗಾಹಿಗಳು ಕೊಂಬಿನ ಗೊಡವೆಗೆ ಹೋಗುವುದಿಲ್ಲ, ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಹಾಲುಹಲ್ಲಿನದು ಎಂದರೆ ಹೆಚ್ಚುಕಡಿಮೆ ಒಂದು ವರ್ಷದೊಳಗಿನದು. ಆಮೇಲೆ ಎರಡು ಹಲ್ಲು, ಎರಡು ವರ್ಷದ ಸುಮಾರಿಗೆ ನಾಲ್ಕು ಹಲ್ಲು, ಮೂರರ ಸುಮಾರಿಗೆ ಆರು ಹಲ್ಲು, ನಾಲ್ಕರ ಸುಮಾರಿಗೆ ಎಂಟು ಹಲ್ಲಾಗಿ ಬಾಯಿಗೂಡುತ್ತದೆ. ಅಲ್ಲಿಂದ ಮುಂದೆ ಹಲ್ಲು ಸವೆದದ್ದು, ಉದುರಿದ್ದು. ವಯಸ್ಸು ಖಚಿತವಾಗಿ ತಿಳಿಯದಿದ್ದಲ್ಲಿ ಬೆಳವಣಿಗೆಯ ಹಂತಗಳನ್ನೇ ಹಿಡಿದು ಲೆಕ್ಕ ಮಾಡಬಹುದೆಂದು ಲೆಫ್ಕೊವಿಚ್ ಎಂಬ ವಿದ್ವಾಂಸ 1965ರಲ್ಲಿ ಪ್ರಬಂಧ ಬರೆದನು. ಗುಡಿಬಂಡೆ, ಮಡಕಶಿರಾ ಕಡೆಯ ಹಟ್ಟಿಗಳಲ್ಲಿ ಹಂತಗಳ ಹೆಸರು ಅದಕ್ಕೂ ಮುಂಚಿನಿಂದ ರೂಢಿಯಲ್ಲಿದ್ದವು. ಲೆಕ್ಕ ಮಾತ್ರ ಕಾಗದಕ್ಕೆ ಇಳಿದಿರಲಿಲ್ಲ.

ಅದನ್ನು ಇಳಿಸಲು ಕಳೆದ ಬೇಸಿಗೆಯಲ್ಲಿ ನನ್ನೊಡನೆ ಕುಳಿತವನು ಬೇರೆ ಯಾರೂ ಅಲ್ಲ, ಏಳನೆಯ ತರಗತಿಯಲ್ಲಿ ಶಾಲೆ ಬಿಟ್ಟ ಆ ಶಿಷ್ಯನೇ. ಈಗ ಐವತ್ತರ ಹೊಸ್ತಿಲಲ್ಲಿರುವ ಗೃಹಸ್ಥ. ಈಗಲೂ ಕುರಿ ಸಾಕಿದ್ದಾನೆ. ಅವನ ಒಪ್ಪಿಗೆ ಪಡೆದೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಕೆಳಗಿನ ಅಂಕಿಗಳು ಯಾವ ಗಣತಿಯವೂ ಅಲ್ಲ. ಅವನ ಅನುಭವವನ್ನು ಕೇಳಿಕೊಂಡು, ಲೆಕ್ಕಕ್ಕೆ ಸುಲಭವಾಗುವಂತೆ ನಾನು ದುಂಡಾಗಿಸಿಕೊಂಡವು. ಒಂದೇ ವರ್ಷ ಹುಟ್ಟಿದ ನೂರು ಹೆಣ್ಣುಮರಿಗಳನ್ನು ಮಾತ್ರ ಹಿಡಿದುಕೊಂಡಿದ್ದೇವೆ. ಟಗರು ಒಂದೆರಡಿದ್ದರೆ ಸಾಕಾಗುವುದರಿಂದ ಗಂಡುಮರಿಗಳು ಈ ಲೆಕ್ಕದಲ್ಲಿ ಸೇರುವುದಿಲ್ಲ.

ಹುಟ್ಟಿದಾಗ: ಉಳಿದಿರುವುದು 100, ಈಯುವುದಿಲ್ಲ.
1 ವರ್ಷ: ಉಳಿದಿರುವುದು 70, ಈಯುವುದಿಲ್ಲ.
2 ವರ್ಷ: ಉಳಿದಿರುವುದು 60, ನೂರಕ್ಕೆ 35ರಂತೆ ಹೆಣ್ಣುಮರಿ 21.
3 ವರ್ಷ: ಉಳಿದಿರುವುದು 55, ನೂರಕ್ಕೆ 40ರಂತೆ 22.
4 ವರ್ಷ: ಉಳಿದಿರುವುದು 50, ನೂರಕ್ಕೆ 40ರಂತೆ 20.
5 ವರ್ಷ: ಉಳಿದಿರುವುದು 40; ನೂರಕ್ಕೆ 40ರಂತೆ 16.
6 ವರ್ಷ: ಉಳಿದಿರುವುದು 30, ನೂರಕ್ಕೆ 30ರಂತೆ 9. ಆಮೇಲೆ ಕಸಾಯಿಗೆ ಮಾರಾಟ.

ಕೊನೆಯ ಅಂಕಣವನ್ನು ಕೂಡಿಸಿ: 21, 22, 20, 16, 9 ಸೇರಿ 88. ನೂರು ಹೆಣ್ಣುಮರಿಗಳು ತಮ್ಮ ಇಡೀ ಬಾಳಿನಲ್ಲಿ ತಮ್ಮ ಸ್ಥಾನಕ್ಕೆ ಬಿಟ್ಟುಹೋಗುವ ಹೆಣ್ಣುಮರಿಗಳು 88. ಇದು ನೂರಕ್ಕಿಂತ ಹೆಚ್ಚಿದ್ದರೆ ಹಿಂಡು ಬೆಳೆಯುತ್ತದೆ, ನೂರಾದರೆ ನಿಲ್ಲುತ್ತದೆ, ಕಡಿಮೆಯಾದರೆ ಕರಗುತ್ತದೆ. ಹೊರಗಿನಿಂದ ಕೊಂಡು ತಂದು ಸೇರಿಸದಿದ್ದರೆ ಈ ಹಿಂಡು ತಲೆಮಾರಿನಿಂದ ತಲೆಮಾರಿಗೆ ಸವೆಯುವುದೇ ಸರಿ. ಶೇಕಡಾ 50 ಬಡ್ಡಿ ಎಂದು ನಾನು ಬರೆದುಕೊಟ್ಟದ್ದು ಇಂತಹ ಹಿಂಡಿಗೆ!

ಹಾಗಾದರೆ ಮೊದಲ ಮೂರು ವರ್ಷ ತಲೆಗಳು ಹೆಚ್ಚಿದ್ದು ಹೇಗೆ? ಇದೇ ಕೋಷ್ಟಕದಿಂದ ವರ್ಷವರ್ಷದ ಮುನ್ನಂದಾಜು ಮಾಡಿದರೆ ಗುಟ್ಟು ತಿಳಿಯುತ್ತದೆ. ಮಾಡುವ ವಿಧಾನ ಸರಳ. ಈ ವರ್ಷ ಪ್ರತಿ ವಯಸ್ಸಿನಲ್ಲಿ ಎಷ್ಟಿವೆಯೋ ಅವನ್ನು ಅವುಗಳ ಉಳಿವಿನ ಪ್ರಮಾಣದಿಂದ ಗುಣಿಸಿ ಮುಂದಿನ ವರ್ಷದ ಒಂದು ಮೆಟ್ಟಿಲು ಮೇಲಕ್ಕೆ ಬರೆಯಬೇಕು. ಹೀಗೆ ಮೇಲೇರಿದವುಗಳು ಹಾಕುವ ಮರಿಗಳನ್ನು ಕೂಡಿಸಿ ಕೆಳಗಿನ ಮೊದಲ ಮೆಟ್ಟಿಲಿನಲ್ಲಿ ಬರೆಯಬೇಕು. ಎರಡು ವರ್ಷದ ಇಪ್ಪತ್ತು ಕುರಿಗಳನ್ನು ತಂದೆವೆನ್ನಿ. ಆ ವರ್ಷ ಅವು ಹಾಕುವ ಹೆಣ್ಣುಮರಿ 7, ಒಟ್ಟು 27. ಮರುವರ್ಷ ತಾಯಿಕುರಿಗಳಲ್ಲಿ ಉಳಿಯುವುದು ಅರವತ್ತಕ್ಕೆ ಐವತ್ತೈದರಂತೆ ಸುಮಾರು 18, ಏಳು ಮರಿಗಳಲ್ಲಿ ಉಳಿಯುವುದು ಸುಮಾರು 5, ಹೊಸದಾಗಿ ಹುಟ್ಟುವುದು ಸುಮಾರು 7. ಭಿನ್ನಾಂಕಗಳನ್ನು ಬಿಡದೆ ಕೂಡಿಸಿದರೆ ಒಟ್ಟು 31. ಹೀಗೆಯೇ ಎರಡನೆಯ ವರ್ಷಕ್ಕೆ 34, ಮೂರನೆಯದಕ್ಕೆ 36, ನಾಲ್ಕನೆಯದಕ್ಕೆ 36, ಐದನೆಯ ವರ್ಷಕ್ಕೆ 28.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ವಿನಂತಿ. ಒಳಗೇ ಕರಗುತ್ತಿರುವ ಹಿಂಡು ಮೂರು ವರ್ಷ ಬೆಳೆಯುತ್ತಿರುವಂತೆ ಕಾಣುತ್ತದೆ, ನಾಲ್ಕನೆಯ ವರ್ಷ ನಿಂತಂತೆ ಕಾಣುತ್ತದೆ, ಐದನೆಯ ವರ್ಷ ಒಮ್ಮೆಗೇ ಬೀಳುತ್ತದೆ. ಕೊಂಡು ತಂದ ಕುರಿಗಳೆಲ್ಲ ಒಂದೇ ಪ್ರಾಯದವಾದುದರಿಂದ ಒಟ್ಟಿಗೇ ಈದವು, ಒಟ್ಟಿಗೇ ಮುದಿಯಾದವು, ಒಟ್ಟಿಗೇ ಹೋದವು. ಅವುಗಳ ಸ್ಥಾನ ತುಂಬಬೇಕಾಗಿದ್ದ ಮರಿಗಳಲ್ಲಿ ನೂರಕ್ಕೆ ಮೂವತ್ತು ಮೊದಲ ವರ್ಷವೇ ಸತ್ತಿದ್ದವು. 1989ರಲ್ಲಿ ಯಾರ ಕಣ್ಣೂ ತಾಗಿರಲಿಲ್ಲ. ಮೊದಲ ದಿನವೇ ಬಾಯಿ ಬಿಡಿಸಿ ನೋಡಿದ್ದರೆ ಆ ಕುಸಿತದ ವರ್ಷವನ್ನು ಹೇಳಬಹುದಾಗಿತ್ತು.

ಇಂತಹ ಅಲೆಯನ್ನು ಗಣಿತದಲ್ಲಿ ಮೊದಲು ತೋರಿಸಿದವರಲ್ಲಿ ಒಬ್ಬನಾದ ಹ್ಯಾರೋ ಬರ್ನಾಡೆಲ್ಲಿಯ ಪ್ರಬಂಧ 1941ರಲ್ಲಿ ಅಚ್ಚಾದದ್ದು ನೆರೆಯ ಬರ್ಮಾದ ಸಂಶೋಧನಾ ಸಂಘದ ಪತ್ರಿಕೆಯಲ್ಲಿ. ಅವನು ಮೂರು ವರ್ಷ ಬದುಕುವ ಒಂದು ಜೀರುಂಡೆಯನ್ನು ಕಲ್ಪಿಸಿಕೊಂಡನು. ಹುಟ್ಟಿದ ಹೆಣ್ಣುಗಳಲ್ಲಿ ಅರ್ಧ ಎರಡನೆಯ ವರ್ಷಕ್ಕೆ, ಅವುಗಳಲ್ಲಿ ಮೂರರಲ್ಲೊಂದು ಪಾಲು ಮೂರನೆಯ ವರ್ಷಕ್ಕೆ ಉಳಿಯುತ್ತವೆ; ಉಳಿದ ಒಂದೊಂದೂ ಆರಾರು ಹೆಣ್ಣುಮರಿಗಳನ್ನು ಕೊಟ್ಟು ಸಾಯುತ್ತದೆ. ಒಂದೇ ವಯಸ್ಸಿನ 600ರಿಂದ ಹೊರಟರೆ ಮರುವರ್ಷ 300, ಆಮೇಲೆ 100, ಆಮೇಲೆ ಮತ್ತೆ 600. 1942ರಲ್ಲಿ ಲೂಯಿಸ್ ಎಂಬಾತ ಇದೇ ಬಗೆಯ ಲೆಕ್ಕವನ್ನು ಪ್ರಕಟಿಸಿದ್ದು ಪಿ.ಸಿ. ಮಹಲನೋಬಿಸ್ ಅವರು ಕಲ್ಕತ್ತೆಯಿಂದ ಹೊರತರುತ್ತಿದ್ದ ‘ಸಂಖ್ಯಾ’ ಪತ್ರಿಕೆಯಲ್ಲಿ. 1945ರಲ್ಲಿ ಆಕ್ಸ್‌ಫರ್ಡಿನ ಪಿ.ಎಚ್. ಲೆಸ್ಲಿ ಅದನ್ನು ವಿಸ್ತರಿಸಿ ಬರೆದನು. ಉಳಿವಿನ ಮತ್ತು ಈಯುವಿಕೆಯ ಅಂಕಿಗಳನ್ನು ಚೌಕದಲ್ಲಿ ಜೋಡಿಸಿ ಗುಣಿಸುವ ಆ ಕ್ರಮವನ್ನು ಇಂದಿಗೂ ಲೆಸ್ಲಿಯ ಮಾತೃಕೆ ಎಂದೇ ಕರೆಯುತ್ತಾರೆ. ರಂಗೂನು ಕಲ್ಕತ್ತೆಗಳ ಹೆಸರು ಹಿಂದೆ ಬಿದ್ದುದು ನನಗೆ ಅಷ್ಟು ಸರಿಕಾಣುವುದಿಲ್ಲ.

ಕೋಷ್ಟಕದ ನಿಜವಾದ ಉಪಯೋಗ ಮುಂದಿದೆ. ಯಾವ ಅಂಕಿಯನ್ನು ತಿದ್ದಿದರೆ ಹಿಂಡು ಉಳಿದೀತು? ಮುದಿ ಕುರಿಗಳನ್ನು ಇನ್ನೊಂದು ವರ್ಷ ಇಟ್ಟುಕೊಂಡೆವೆನ್ನೋಣ. ಏಳನೆಯ ವರ್ಷಕ್ಕೆ 20 ಉಳಿದು ನೂರಕ್ಕೆ 20ರಂತೆ ಈದರೆ ಸಿಗುವುದು 4 ಮರಿ. 88 ಹೋಗಿ 92 ಆಯಿತು, ನೂರಾಗಲಿಲ್ಲ. ಅದರ ಬದಲು ಮೊದಲ ವರ್ಷ ದಾಟುವ ಮರಿಗಳನ್ನು 70ರಿಂದ 80ಕ್ಕೆ ಏರಿಸಿದರೆ ನೂರು ತುಂಬುತ್ತದೆ. 85ಕ್ಕೆ ಏರಿಸಿದರೆ ಸುಮಾರು 107 ಆಗುತ್ತದೆ. ಹುಟ್ಟಿದ ಮರಿಗೆ ತಡಮಾಡದೆ ಗಿಣ್ಣುಹಾಲು ಕುಡಿಸುವುದು, ಮಳೆಗಾಲದಲ್ಲಿ ರೊಪ್ಪದ ನೆಲ ಒಣಗಿರುವಂತೆ ನೋಡಿಕೊಳ್ಳುವುದು, ಜಂತಿನ ಔಷಧಿ, ಕರುಳುಬೇನೆ, ಪಿ.ಪಿ.ಆರ್., ನೀಲಿ ನಾಲಿಗೆ ರೋಗಗಳಿಗೆ ಕಾಲಕ್ಕೆ ಸರಿಯಾಗಿ ಲಸಿಕೆ, ಇವುಗಳೆಲ್ಲ ಬಂದು ಸೇರುವುದು ಆ ಒಂದು ಅಂಕಿಯಲ್ಲಿ. ಹಾಗೆಂದು 85 ಉಳಿದರೂ ಒಂದೇ ಪ್ರಾಯದ ಇಪ್ಪತ್ತು ಕುರಿಗಳಿಂದ ಐದನೆಯ ವರ್ಷಕ್ಕೆ ಆಗುವುದು ಸುಮಾರು 35 ಮಾತ್ರ. ಅಲೆಯ ಇಳಿತ ಆಗಲೂ ತಪ್ಪುವುದಿಲ್ಲ. ಇಳಿದ ಮೇಲೆ ಮತ್ತೆ ಏರುವ ಶಕ್ತಿ ಹಿಂಡಿಗಿರುತ್ತದೆ, ಅಷ್ಟೆ.

ಇನ್ನೊಂದು ಲೆಕ್ಕವೂ ಇದರಿಂದಲೇ ಹೊರಡುತ್ತದೆ. ಎರಡು ವರ್ಷ ತಲುಪಿದ ಕುರಿಗೆ ಇನ್ನು ಮುಂದೆ ಹುಟ್ಟಬೇಕಾದ ಹೆಣ್ಣುಮರಿಗಳೆಷ್ಟು? 88ನ್ನು 60ರಿಂದ ಭಾಗಿಸಿದರೆ ಸರಾಸರಿ 1.47. ಒಂದು ವರ್ಷದ್ದಕ್ಕೆ 1.26, ಆಗತಾನೇ ಹುಟ್ಟಿದ ಮರಿಗೆ 0.88, ನಾಲ್ಕು ವರ್ಷದ್ದಕ್ಕೆ 0.90, ಆರು ವರ್ಷದ್ದಕ್ಕೆ 0.30. ಇಂಗ್ಲೆಂಡಿನ ಆರ್.ಎ. ಫಿಷರ್ 1930ರಲ್ಲಿ ಇದೇ ಜಾಡಿನ ಒಂದು ಕಲ್ಪನೆಗೆ ಸಂತಾನಮೌಲ್ಯವೆಂಬ ಅರ್ಥದ ಹೆಸರನ್ನು ಕೊಟ್ಟನು. ನಾನು ಈ ಅಂಕಿಗಳನ್ನು ಓದಿ ಹೇಳಿದಾಗ ನನ್ನ ಶಿಷ್ಯ ನಕ್ಕುಬಿಟ್ಟ. “ಅದಕ್ಕೇ ಅಲ್ವಾ ಮೇಷ್ಟ್ರೇ, ಸಂತೇಲಿ ಹೊಸದಾಗಿ ನಾಲ್ಕು ಹಲ್ಲಾಗಿರೋ ಕುರಿಗೆ ಎಲ್ರೂ ಮುಗಿಬೀಳೋದು? ಬಾಯಿಗೂಡಿದ್ದನ್ನ ಮೈ ತುಂಬಿದೆ ಅಂತ ಅದೇ ದುಡ್ಡಿಗೆ ಕೊಡೋಕೆ ಬರ್ತಾರೆ, ನಾವು ಬಾಯಿ ಬಿಡಿಸ್ತೀವಿ” ಎಂದ.

ಪ್ರಾಣಿ ಬದಲಾದರೆ ಮುಖ್ಯವಾದ ಅಂಕಿಯೂ ಬದಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು 1980ರ ದಶಕದಲ್ಲಿ ಚಾಮರಾಜನಗರ, ಸತ್ಯಮಂಗಲದ ಕಡೆಯ ಕಾಡುಗಳಲ್ಲಿ ಆನೆಗಳನ್ನು ಅಧ್ಯಯನ ಮಾಡಿದರು. ಆನೆಯ ಬಾಯಿ ಬಿಡಿಸಿ ನೋಡುವವರು ಯಾರು? ಭುಜದ ಎತ್ತರದಿಂದ ವಯಸ್ಸನ್ನು ಅಂದಾಜಿಸಿ, ಯಾವ ವಯಸ್ಸಿನವು ಎಷ್ಟು ಸಾಯುತ್ತವೆಂದು ಲೆಕ್ಕ ಹಾಕಿ, ಸಂಖ್ಯೆ ಮುಂದೆ ಏನಾದೀತೆಂದು ಪರಿಶೀಲಿಸಿದರು. ಅವರ ಗ್ರಂಥ 1989ರಲ್ಲಿ ಪ್ರಕಟವಾಯಿತು. ಹೆಣ್ಣಾನೆ ಮೊದಲ ಮರಿ ಹಾಕುವುದು ಹದಿನೈದು ಇಪ್ಪತ್ತರ ನಡುವೆ. ಗರ್ಭ ಸುಮಾರು ಇಪ್ಪತ್ತೆರಡು ತಿಂಗಳು; ಮರಿಯಿಂದ ಮರಿಗೆ ನಾಲ್ಕೈದು ವರ್ಷಗಳ ಅಂತರ. ಆದುದರಿಂದ ಅಲ್ಲಿ ಮರಿಗಳ ಉಳಿವಿಗಿಂತ ಪ್ರಾಯದ ಹೆಣ್ಣಾನೆಗಳ ಉಳಿವೇ ಹೆಚ್ಚು ನಿರ್ಣಾಯಕ. ದಂತಕ್ಕಾಗಿ ಗಂಡುಗಳನ್ನು ಕೊಂದುದರಿಂದ ಗಂಡುಹೆಣ್ಣುಗಳ ಪ್ರಮಾಣ ಏರುಪೇರಾದದ್ದೂ ಅವರ ಅಧ್ಯಯನದಲ್ಲಿ ಕಂಡುಬಂತು. ಬರಿಯ ತಲೆಯೆಣಿಕೆಯಲ್ಲಿ ಅದು ಕಾಣುವಂಥದ್ದಲ್ಲ. ಕರ್ನಾಟಕದ ಆನೆಗಳ ಅಂದಾಜು 2017ರಲ್ಲಿ 6,049 ಇದ್ದದ್ದು 2023ರಲ್ಲಿ 6,395 ಆಯಿತೆಂದು ಪತ್ರಿಕೆಗಳಲ್ಲಿ ಓದಿದಾಗ, ನನ್ನ ಶಿಷ್ಯನ ರೊಪ್ಪದ ಮೊದಲ ಮೂರು ವರ್ಷಗಳು ನನಗೆ ನೆನಪಾಗುತ್ತವೆ. ಆ ಏರಿಕೆ ಯಾವ ವಯಸ್ಸಿನಲ್ಲಾದುದೆಂದು ತಿಳಿಯದೆ ಸಂತೋಷಪಡಲು ಈಗ ಧೈರ್ಯ ಸಾಲದು.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ ಹಕ್ಕಿಯದು ಇನ್ನೂ ಕಷ್ಟದ ಲೆಕ್ಕ. ಈ ಹಕ್ಕಿಗಾಗಿಯೇ 1988ರಲ್ಲಿ ಆಗಿನ ಕರ್ನೂಲು ಜಿಲ್ಲೆಯ ರೋಳ್ಳಪಾಡಿನಲ್ಲಿ ಅಭಯಾರಣ್ಯ ಮಾಡಿದ್ದರು. ಅದು ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ವಿದ್ಯುತ್ ತಂತಿಗೆ ತಾಗಿ ಬೆಳೆದ ಹೆಣ್ಣುಹಕ್ಕಿಯೊಂದು ಸತ್ತರೆ ಕೋಷ್ಟಕದಲ್ಲಿ ಅಳಿಯುವುದು ಒಂದು ಅಂಕಿಯಲ್ಲ, ಅದರ ಮುಂದಿದ್ದ ಎಲ್ಲ ವರ್ಷಗಳ ಮೊಟ್ಟೆಗಳು.

ನಮ್ಮ ಗಡಿಗೆ ಹತ್ತಿರದಲ್ಲೇ ಮಧುಗಿರಿ ತಾಲೂಕಿನ ಮೈದನಹಳ್ಳಿಯ ಬಳಿ, 2007ರಲ್ಲಿ ಘೋಷಿತವಾದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಿದೆ. ವಿಸ್ತೀರ್ಣ 798 ಎಕರೆ. ಊರವರು ಒಮ್ಮೆಯಾದರೂ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಬೇಕು. ಅಲ್ಲಿ ಹಲ್ಲು ನೋಡಲಾಗದಿದ್ದರೂ ದುರ್ಬೀನಿನಲ್ಲಿ ಕಪ್ಪು ಬಣ್ಣದ ಗಂಡು, ಕೊಂಬಿಲ್ಲದ ಕಂದು ಹೆಣ್ಣು, ತಾಯಿಯ ಹಿಂದಿನ ಮರಿ, ಇಷ್ಟನ್ನು ಬೇರೆ ಬೇರೆಯಾಗಿ ಎಣಿಸಬಹುದು. ನೂರು ಹೆಣ್ಣಿಗೆ ಎಷ್ಟು ಮರಿ ಎಂದು ಪ್ರತಿವರ್ಷ ಒಂದೇ ತಿಂಗಳಲ್ಲಿ ಬರೆದಿಟ್ಟರೆ ಅದೇ ಕೋಷ್ಟಕದ ಮೊದಲ ಸಾಲು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಒಮ್ಮೆ ಅಂಕಿಯನ್ನು ನಂಬಿಸಿ ಕೆಟ್ಟವನು ನಾನು. ಈ ಮುನ್ನಂದಾಜು ಜ್ಯೋತಿಷ್ಯವಲ್ಲ. ಈ ವರ್ಷದ ಸಾವು, ಈ ವರ್ಷದ ಈಯುವಿಕೆ ಹೀಗೆಯೇ ಮುಂದುವರಿದರೆ ಏನಾದೀತು ಎಂಬುದನ್ನಷ್ಟೇ ಅದು ಹೇಳುತ್ತದೆ. ಶೇಂಗಾ ಹೊಲಗಳೇ ಒಣಗುವ ನಮ್ಮ ಸೀಮೆಯಲ್ಲಿ ಎರಡು ವರ್ಷ ಒಂದೇ ಸಮನಾಗಿರುವುದು ಅಪರೂಪ. ಮಳೆ ಹೋದರೆ ಮೂರನೆಯ ಅಂಕಣ ಕುಗ್ಗುತ್ತದೆ, ರೋಗ ಬಂದರೆ ಎರಡನೆಯದು ಕುಗ್ಗುತ್ತದೆ. ಹಿಂಡು ತೀರ ದೊಡ್ಡದಾದರೆ ಇರುವ ಮೇವು ಹಂಚಿಹೋಗಿ ಎರಡೂ ಕುಗ್ಗುತ್ತವೆ. ಆದ್ದರಿಂದ ಒಳ್ಳೆಯ ವರ್ಷಕ್ಕೊಂದು, ಬರದ ವರ್ಷಕ್ಕೊಂದು ಕೋಷ್ಟಕ ಮಾಡಿ ಎರಡನ್ನೂ ಹಿಡಿದು ನೋಡುವುದು ಉಚಿತ. ಸಾಲದ ಅರ್ಜಿಗೆ ಬರೆಯಬೇಕಾದರೆ ಬರದ್ದನ್ನೇ ಬರೆಯಬೇಕು. 2019ರ ಜಾನುವಾರು ಗಣತಿಯಲ್ಲಿ ಆಂಧ್ರಪ್ರದೇಶದ ಕುರಿಗಳು ಸುಮಾರು 1.76 ಕೋಟಿ, ಕರ್ನಾಟಕದವು ಸುಮಾರು 1.11 ಕೋಟಿ. ಇಷ್ಟೊಂದು ಕುರಿಗಳ ಹಿಂದೆ ಎಷ್ಟು ಮನೆಗಳ ಕಂತು, ಎಷ್ಟು ಮಕ್ಕಳ ಶಾಲೆ ಇದೆಯೆಂಬುದನ್ನು ಬಲ್ಲವರು ಬಲ್ಲರು.

ಈಗ ನನ್ನ ಶಿಷ್ಯ ನೂರು ಪುಟದ ಒಂದು ನೋಟುಪುಸ್ತಕವಿಟ್ಟಿದ್ದಾನೆ. ಯುಗಾದಿಯ ಮರುದಿನ ಹಿಂಡನ್ನೆಲ್ಲ ರೊಪ್ಪದ ಬಾಗಿಲಲ್ಲಿ ಒಂದೊಂದಾಗಿ ಬಿಟ್ಟು, ಬಾಯಿ ನೋಡಿ, ಹಾಲುಹಲ್ಲು, ಎರಡು, ನಾಲ್ಕು, ಆರು, ಬಾಯಿಗೂಡಿದ್ದು, ಸವೆದದ್ದು ಎಂದು ಆರು ಅಂಕಣಗಳಲ್ಲಿ ಬರೆದುಕೊಂಡ. ಅಕ್ಷರ ಇನ್ನೂ ಏಳನೆಯ ತರಗತಿಯ ಹುಡುಗನದೇ, ದುಂಡಗಿದೆ. ಎರಡು ವರ್ಷದ ಕುರಿಗಳಿಗೆ ನೂರಕ್ಕೆ 35 ಎಂದು ನಾನು ಹಿಡಿದದ್ದು ಅವನಿಗೆ ಒಪ್ಪಿಗೆಯಿಲ್ಲ. ಮೊದಲ ಸೂಲಿನ ಕುರಿಗಳಲ್ಲಿ ಅಷ್ಟು ನಿಲ್ಲುವುದಿಲ್ಲ, 30 ಹಿಡಿಯಿರಿ ಎನ್ನುತ್ತಾನೆ. ಹಾಗೆ ಹಿಡಿದರೆ ಮೊತ್ತ 88 ಹೋಗಿ 85 ಆಗುತ್ತದೆ. ಯಾರದು ಸರಿಯೆಂದು ನೋಡಲು ಇನ್ನೊಂದು ಯುಗಾದಿಯ ಎಣಿಕೆ ಬೇಕು. ಪುಸ್ತಕದ ಎರಡನೆಯ ಪುಟಕ್ಕೆ ಗೆರೆ ಎಳೆದು ಖಾಲಿ ಬಿಟ್ಟಿದ್ದೇವೆ.